ಪುರುಸೊತ್ತು ಸಿಕ್ಕಿದೆ, ಖುಷಿ ಮಾತ್ರ ಸಿಕ್ಕಿಲ್ಲ

ಲೋಕಲ್ ಪಯಣಿಗ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಒಂದೆರಡು ತಿಂಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯ ಇದು. ಆಫೀಸಿನಲ್ಲಿ ಹೇಳಿದರೆ ಇದೂ ಒಂದು ಕಷ್ಟವಾ ಅಂತಾರೆ. ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನನಗೆ ಈಗ 46. ಮುಂಬೈಯ ಅಂಧೇರಿಯಲ್ಲಿ ಅಕೌಂಟ್ಸ್ ಕೆಲಸ. 18 ವರ್ಷದಿಂದ ಡೊಂಬಿವಲಿಯಿಂದ ಓಡಾಟ. ಮೊದಲೆಲ್ಲ ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ, ವೆಸ್ಟರ್ನ್ ಲೈನ್ ಹಿಡಿಯಬೇಕಿತ್ತು. 2014ರಲ್ಲಿ ಮೆಟ್ರೊ ಬಂದ ಮೇಲೆ ಘಾಟ್‌ಕೋಪರ್‌ನಲ್ಲೇ ಇಳಿಯುತ್ತೇನೆ. ಹೇಗೆ ಹೋದರೂ ಹೋಗಿ ಬರುವುದಕ್ಕೆ ಮೂರು ಗಂಟೆಗೆ ಕಡಿಮೆ ಇಲ್ಲ. ಇಷ್ಟು ವರ್ಷವೂ ಬಾಯಲ್ಲಿ ಒಂದೇ ಮಾತು, ಸಾಯೋಕೂ ಪುರುಸೊತ್ತಿಲ್ಲ. ಪುರುಸೊತ್ತು ಸಿಕ್ಕರೆ ಪೆಟ್ಟಿಗೆಯಲ್ಲಿಟ್ಟ ಪುಸ್ತಕ ತೆಗೆಯಬೇಕು, ಮಾಟುಂಗದ ಕಡೆ ಕನ್ನಡ ನಾಟಕ ಇದ್ದರೆ ಹೋಗಬೇಕು, ಮಗನಿಗೆ ಕನ್ನಡ ಅಕ್ಷರ ಕಲಿಸಬೇಕು ಅಂತೆಲ್ಲ ಅಂದುಕೊಂಡಿದ್ದೆ.

ಈ ವರ್ಷದಿಂದ ಮಂಗಳವಾರ, ಗುರುವಾರ ಮನೆಯಿಂದಲೇ ಕೆಲಸ. ಅಂದರೆ ವಾರಕ್ಕೆ ಆರು ಗಂಟೆ ಉಳಿಯಿತು. ಅದು ಎಲ್ಲಿ ಹೋಗುತ್ತಿದೆ ಅಂತ ಹೇಳುತ್ತೇನೆ. ಸಂಜೆ ಆರೂ ಕಾಲಿಗೆ ಲ್ಯಾಪ್‌ಟಾಪ್ ಮುಚ್ಚುತ್ತೇನೆ. ಸೋಫಾಕ್ಕೆ ಒರಗಿ ಐದು ನಿಮಿಷ ಅಂತ ಫೋನ್ ಹಿಡಿಯುತ್ತೇನೆ. ಯಾರೋ ದೋಸೆ ಹುಯ್ಯುವ ವಿಡಿಯೋ, ಯಾರೋ ಮನೆ ಕಟ್ಟುವ ವಿಡಿಯೋ, ಇನ್ಯಾರದ್ದೋ ಜಗಳ. ಹೆಬ್ಬೆರಳು ತಾನಾಗಿಯೇ ಆಡುತ್ತಿರುತ್ತದೆ. "ಊಟಕ್ಕೆ ಬನ್ನಿ" ಅಂದಾಗ ತಲೆ ಎತ್ತಿದರೆ ಎಂಟೂವರೆ. ಕಣ್ಣು ಉರಿ, ಕತ್ತು ನೋವು, ಮನಸ್ಸಿಗೆ ಏನೋ ಕಳೆದುಕೊಂಡ ಹಾಗೆ. ನಿಜ ಹೇಳಬೇಕೆಂದರೆ ಬುಧವಾರ ರೈಲಿನಲ್ಲಿ ನಿಂತು ಬರುವಾಗಲೇ ಇದಕ್ಕಿಂತ ಹಗುರ ಅನಿಸುತ್ತದೆ.

ಬಿಡುವು ಇದ್ದರೆ ಸುಖ ಅಂತ ನಂಬಿಕೊಂಡೇ ಅರ್ಧ ಆಯುಷ್ಯ ಕಳೆದೆ. ಅದು ತಪ್ಪು ಲೆಕ್ಕವಾ? ನಿಮ್ಮ ಅನುಭವ ಏನು?

ಸಾಕಿನಾಕಾ ಅಂಗಡಿ

ಅಣ್ಣ, ಬೇಜಾರು ಮಾಡ್ಕೋಬೇಡಿ. ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು ಅಂತ ನಮ್ಮಪ್ಪ ಹೇಳುತ್ತಿದ್ದರು. ನಾನು ಬೆಳಗ್ಗೆ ಏಳಕ್ಕೆ ಷಟರ್ ಎತ್ತಿದರೆ ರಾತ್ರಿ ಹತ್ತಕ್ಕೆ ಇಳಿಸುವುದು. ಮನಸ್ಸಿಗೆ ಈ ಥರ ಯೋಚನೆ ಬರುವುದಕ್ಕೆ ಜಾಗವೇ ಇರುವುದಿಲ್ಲ. ಆ ಆರು ಗಂಟೆಯಲ್ಲಿ ನಾಲ್ಕು ಸಣ್ಣ ಅಂಗಡಿಯವರ ಜಿಎಸ್‌ಟಿ ಲೆಕ್ಕ ಬರೆದುಕೊಡಿ. ಕೈಗೂ ಕೆಲಸ, ನಾಲ್ಕು ಕಾಸೂ ಸಿಗುತ್ತದೆ.

ಕಲೀನಾದ ಓದುಗಿ

ಸರ್, ನಾನು ಮನಃಶಾಸ್ತ್ರ ಓದುತ್ತಿದ್ದೇನೆ. ನೀವು ಕೇಳಿದ್ದಕ್ಕೆ ತುಂಬಾ ಹತ್ತಿರದ ಒಂದು ಅಧ್ಯಯನ ಇದೆ. 2021ರಲ್ಲಿ ಬಂದದ್ದು. ಅಮೆರಿಕದ 21,736 ಜನ ದಿನದ ಯಾವ ಹೊತ್ತಿನಲ್ಲಿ ಏನು ಮಾಡಿದರು ಅಂತ ಕೊಟ್ಟ ವಿವರ ಇಟ್ಟುಕೊಂಡು ನೋಡಿದ್ದಾರೆ. ಬಿಡುವು ಹೆಚ್ಚಿದಂತೆ ಜನರ ನೆಮ್ಮದಿಯೂ ಹೆಚ್ಚುತ್ತದೆ. ಆದರೆ ದಿನಕ್ಕೆ ಸುಮಾರು ಎರಡು ಗಂಟೆಯವರೆಗೆ ಮಾತ್ರ. ಆಮೇಲೆ ಅದು ಏರುವುದಿಲ್ಲ. ಐದು ಗಂಟೆ ದಾಟಿದ ಮೇಲೆ ಇಳಿಯುವುದಕ್ಕೇ ಶುರುವಾಗುತ್ತದೆ.

ಇಷ್ಟನ್ನೇ ಓದಿ ಎಲ್ಲರೂ "ಜಾಸ್ತಿ ಬಿಡುವು ಒಳ್ಳೆಯದಲ್ಲ" ಅಂತ ಮುಗಿಸುತ್ತಾರೆ. ಅದೇ ಅಧ್ಯಯನದ ಇನ್ನೊಂದು ಭಾಗ ನನಗೆ ಮುಖ್ಯ ಅನಿಸಿತು. ಜಾಸ್ತಿ ಬಿಡುವನ್ನು ಜನರ ಜೊತೆ ಕಳೆದರೆ, ಅಥವಾ ಏನಾದರೂ ಕಲಿಯುವುದಕ್ಕೆ, ಮಾಡುವುದಕ್ಕೆ ಬಳಸಿದರೆ ಆ ಇಳಿತ ಅಷ್ಟಾಗಿ ಇರುವುದಿಲ್ಲ. ನಿಮ್ಮ ಎರಡು ಗಂಟೆಯಲ್ಲಿ ಮನುಷ್ಯರೂ ಇಲ್ಲ, ಕೈಯಲ್ಲಿ ಕೆಲಸವೂ ಇಲ್ಲ. ಅದಕ್ಕೇ ಹಾಗೆ ಅನಿಸುತ್ತಿದೆ ಅಂತ ನನ್ನ ಊಹೆ.

ಅಂಗಡಿ ಅಣ್ಣನ ಮಾತು ಮಾತ್ರ ಒಪ್ಪಲಾರೆ. ಬಿಡುವನ್ನೂ ದುಡ್ಡಾಗಿ ಬದಲಿಸಿದರೆ ಅದು ಬಿಡುವೇ ಅಲ್ವಲ್ಲ?

ಶ್ರುತಿಪೆಟ್ಟಿಗೆ, ಮೀರಾ ರೋಡ್

ಮಾರಾಯ್ರೇ, ನನಗೆ 72. ಹೋಟೆಲ್ ಕೆಲಸಕ್ಕೆ ಅಂತ ಕುಂದಾಪುರದ ಕಡೆಯಿಂದ ಬಂದಾಗ 14. ಫೋರ್ಟ್‌ನಲ್ಲಿ ಒಂದು ಹೋಟೆಲ್. ಮೊದಲು ಗ್ಲಾಸ್ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲೈ. ಬೆಳಗ್ಗೆ ಐದಕ್ಕೆ ಎದ್ದರೆ ಸಂಜೆಯವರೆಗೆ ಕಾಲು ನಿಲ್ಲುತ್ತಿರಲಿಲ್ಲ. ಮಧ್ಯಾಹ್ನ ಊಟದ ಗಲಾಟೆ ಮುಗಿದು ಸಂಜೆ ತಿಂಡಿಯ ಗಿರಾಕಿ ಬರುವ ತನಕ, ಮೂರರಿಂದ ಮೂರೂಮುಕ್ಕಾಲು, ಅಷ್ಟೇ ನಮ್ಮದು.

ಆ ಮುಕ್ಕಾಲು ಗಂಟೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡು ಟೇಬಲ್ ಜೋಡಿಸಿ ಮೇಲೆ ಹಳೇ ಪೇಪರ್ ಹಾಸುತ್ತಿದ್ದೆವು. ಕಲ್ಲಿನ ಟೇಬಲ್, ಬೆನ್ನಿಗೆ ತಣ್ಣಗೆ. ಒಬ್ಬ ಮಲಗಿದರೆ ಇನ್ನೊಬ್ಬ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದ. ಅಕ್ಷರ ಬಾರದ ಹುಡುಗರ ಪತ್ರ ನಾನು ಬರೆದುಕೊಡುತ್ತಿದ್ದೆ. "ಅಮ್ಮನಿಗೆ ಸಾಷ್ಟಾಂಗ ನಮಸ್ಕಾರ, ನಾನು ಕ್ಷೇಮ" ಅಂತ ಶುರು. ಆಮೇಲೆ ಅವನು ಸುಮ್ಮನಾಗಿಬಿಡುತ್ತಿದ್ದ. ಏನು ಬರೆಯಲಿ ಅಂತ ಕೇಳಿದರೆ ಕಣ್ಣು ಒರೆಸಿಕೊಳ್ಳುತ್ತಿದ್ದ. ಸಂಜೆ ಕೆಲಸ ಬಿಟ್ಟ ಮೇಲೆ ಕನ್ನಡ ರಾತ್ರಿ ಶಾಲೆ. ತೂಕಡಿಸಿಕೊಂಡೇ ಹತ್ತನೇ ಕ್ಲಾಸ್ ಮುಗಿಸಿದೆ. ನಮ್ಮ ಕಾಲದ ಎಷ್ಟೋ ಹೋಟೆಲ್ ಹುಡುಗರು ಬ್ಯಾಂಕು, ಕಚೇರಿ ಸೇರಿದ್ದು ಆ ರಾತ್ರಿ ಶಾಲೆಗಳಿಂದ. ಈಗ ಯೋಚಿಸಿದರೆ ದಿನದಲ್ಲಿ ನನ್ನದು ಅಂತ ಇದ್ದದ್ದು ಮೂರು ಗಂಟೆಯೂ ಅಲ್ಲ. ಆದರೆ ಅದರಷ್ಟು ಸಿಹಿಯಾದ ಹೊತ್ತು ಆಮೇಲೆ ಸಿಕ್ಕಿಲ್ಲ.

ರಿಟೈರ್ ಆದ ಮೇಲೆ ಇಡೀ ದಿನ ನನ್ನದಾಯಿತು. ಮೊದಲ ಎರಡು ವರ್ಷ ಬಹಳ ಕಷ್ಟಪಟ್ಟೆ. ಟೀವಿ ನೋಡುವುದು, ಕಿಟಕಿಯಲ್ಲಿ ನಿಲ್ಲುವುದು, ಹೆಂಡತಿ ಅಡುಗೆಮನೆಯಲ್ಲಿ ಏನು ಮಾಡಿದರೂ ಒಂದು ಮಾತು ಹೇಳುವುದು. ಒಂದು ಮಳೆಗಾಲ ಊರಿನಿಂದ ಯಕ್ಷಗಾನದವರು ಬಂದಿದ್ದರು. ಮೇ ಕೊನೆಯ ಪತ್ತನಾಜೆ ದಿನ ಕಳೆದು ಮೇಳದ ತಿರುಗಾಟ ಮುಗಿದರೆ ಕಲಾವಿದರು ಮುಂಬೈಗೆ ಬರುವುದು ಹಳೇ ರೂಢಿ ಅಲ್ವಾ. ಅಲ್ಲಿ ಪರಿಚಯವಾದವರು ಶನಿವಾರದ ತಾಳಮದ್ದಳೆಗೆ ಕರೆದರು, ವೇಷ ಕಟ್ಟದೆ ಕೂತೇ ಪದ್ಯ, ಮಾತಿನಲ್ಲಿ ನಡೆಸುವ ಯಕ್ಷಗಾನ ಅದು. ನನಗೆ ಅರ್ಥ, ಅಂದರೆ ಪಾತ್ರದ ಮಾತು, ಹೇಳಲು ಬಾರದು, ಪದ್ಯ ಹೇಳಲು ಗಂಟಲಿಲ್ಲ. "ಶ್ರುತಿ ಹಿಡಿಯಿರಿ, ಸಾಕು" ಅಂದರು.

ಆರು ವರ್ಷವಾಯಿತು. ಭಾಗವತರ ಹಿಂದೆ ಕೂತು ಶ್ರುತಿಪೆಟ್ಟಿಗೆಯ ತಿದಿ ಒತ್ತುತ್ತೇನೆ. ಬೇರೇನೂ ಇಲ್ಲ. ಕೈ ಒಂದೇ ಸಮನಾಗಿ ಹೋಗಬೇಕು. ಕರ್ಣನ ಮಾತು ಕೇಳುತ್ತಾ ಮೈಮರೆತು ಕೈ ನಿಧಾನವಾದರೆ ಭಾಗವತರು ಹಿಂದೆ ತಿರುಗದೇ ಎಡಗೈ ಸ್ವಲ್ಪ ಎತ್ತುತ್ತಾರೆ. ಅಷ್ಟೇ ಸಾಕು, ಎಚ್ಚರ ಆಗುತ್ತದೆ. ನಾನು ಇಲ್ಲದಿದ್ದರೂ ಮೆಷಿನ್ ಹಚ್ಚಿ ನಡೆಸಬಹುದು, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ ಒಂದು ಶನಿವಾರ ಹೋಗದಿದ್ದರೆ ಫೋನ್ ಬರುತ್ತದೆ, "ಎಂತ ಆಯ್ತು, ಹುಷಾರಿಲ್ವಾ?" ಅಂತ. ಆ ಫೋನ್ ಬಂದ ದಿನ ನನಗೆ ಹಬ್ಬ.

ಲೋಕಲ್ ಪಯಣಿಗ, ಡೊಂಬಿವಲಿ

ಶ್ರುತಿಪೆಟ್ಟಿಗೆ ಮಾವ, ಎರಡು ಸಲ ಓದಿದೆ. ಕಣ್ಣು ತುಂಬಿ ಬಂತು. ಓದುಗಿ, ನೀವು ಹೇಳಿದ್ದೂ ಸರಿ ಅನಿಸುತ್ತದೆ. ರೈಲಿನಲ್ಲಿ ನಮ್ಮದೊಂದು ಗುಂಪಿದೆ. ಠಾಣೆ ದಾಟಿದ ಮೇಲೆ ನಾಲ್ಕು ಜನ ತಾಳ ತೆಗೆದು ಭಜನೆ ಶುರು ಮಾಡುತ್ತಾರೆ. ಮರಾಠಿ ಅಭಂಗದ ನಡುವೆ ನನಗಾಗಿ ಒಂದು ಪುರಂದರದಾಸರ ಪದ. ಮಂಗಳವಾರ, ಗುರುವಾರ ಅದು ತಪ್ಪಿಹೋಗಿದೆ. ಇದನ್ನು ಬರೆಯುವ ತನಕ ಅದು ಹೊಳೆದೇ ಇರಲಿಲ್ಲ.

ಅವಲಕ್ಕಿ, ಮುಲುಂಡ್

ನಾನು ಸ್ವಲ್ಪ ಬೇರೆ ಮಾತು ಹೇಳಬೇಕು. ಸಿಟ್ಟಿನಿಂದ ಹೇಳುತ್ತಿಲ್ಲ ಅಣ್ಣ.

ನಿಮ್ಮ ಮೊದಲ ಬರಹದಲ್ಲಿ "ಊಟಕ್ಕೆ ಬನ್ನಿ" ಅಂತ ಒಂದು ದನಿ ಬಂತು. ಆರೂ ಕಾಲರಿಂದ ಎಂಟೂವರೆ ತನಕ ನೀವು ಸೋಫಾದಲ್ಲಿದ್ದಿರಿ. ಆ ದನಿಯವರು ಎಲ್ಲಿದ್ದರು? ನೀವು ಮನೆಯಲ್ಲಿರುವ ದಿನ ಮಧ್ಯಾಹ್ನದ ಬಿಸಿ ಊಟ, ಹನ್ನೊಂದರ ಚಹಾ, ನಾಲ್ಕರ ಚಹಾ ಯಾರು ಮಾಡುತ್ತಾರೆ? ಮೊದಲು ನೀವು ಡಬ್ಬಾ ತಗೊಂಡು ಹೋದರೆ ಅವರಿಗೆ ಸಂಜೆಯ ತನಕ ಮನೆ ಖಾಲಿ ಇರುತ್ತಿತ್ತು. ನಿಮಗೆ ಉಳಿದ ಆರು ಗಂಟೆ ಅವರ ಕೈಯಿಂದ ಹೋಗಿದೆಯಾ ಅಂತ ಒಂದು ಸಲ ನೋಡಿ.

ಇದು ನಿಮ್ಮೊಬ್ಬರ ಮನೆಯ ವಿಷಯ ಅಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶದಲ್ಲಿ ಜನ ಹೊತ್ತು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಅದೂ ಮಾಡುವ ಗಂಡಸರ ಲೆಕ್ಕ. ಮಾಡುತ್ತಿದ್ದವರೇ ನೂರಕ್ಕೆ 26 ಜನ.

ನನ್ನ ವಿಷಯ ಹೇಳುತ್ತೇನೆ. ಸಂಜೆ ನಾಲ್ಕೂ ಹತ್ತಕ್ಕೆ ಅತ್ತೆ ಮಲಗಿ ಏಳುವ ಮೊದಲು, ಮಗಳು ಕ್ಲಾಸಿನಿಂದ ಬರುವ ಮೊದಲು, ನನಗೆ ಇಪ್ಪತ್ತು ನಿಮಿಷ ಇದೆ. ಅಡುಗೆಮನೆ ಕಿಟಕಿಯ ಕಟ್ಟೆ ಮೇಲೆ ಕಾಲು ಚಾಚಿ ಕೂರುತ್ತೇನೆ. ಒಂದು ಲೋಟ ಕಾಫಿ, ಒಂದು ಹಿಡಿ ಒಗ್ಗರಣೆ ಅವಲಕ್ಕಿ. ಎದುರಿನ ಬಿಲ್ಡಿಂಗಿನ ಹಿಂದೆ ಯೇವೂರು ಗುಡ್ಡದ ಒಂದು ತುಂಡು ಕಾಣುತ್ತದೆ. ಮಳೆಗಾಲದಲ್ಲಿ ಅದರ ಮೇಲೆ ಮೋಡ ಇಳಿಯುತ್ತದೆ. ಹತ್ತು ವರ್ಷದಿಂದ ಅದೇ ತುಂಡು ನೋಡುತ್ತಿದ್ದೇನೆ, ಬೇಸರ ಬಂದಿಲ್ಲ. ಯಾರಾದರೂ "ಏನು ಸುಮ್ನೆ ಕೂತಿದ್ದೀಯಾ" ಅಂದರೆ ಮಾತ್ರ ಆ ದಿನ ಪೂರ್ತಿ ಹಾಳು. ಇಪ್ಪತ್ತು ನಿಮಿಷ ಸಾಕು ನನಗೆ. ಮಧ್ಯದಲ್ಲಿ ಯಾರೂ ಕರೆಯಬಾರದು, ಅಷ್ಟೇ.

ಲೇಡೀಸ್ ಡಬ್ಬಿ, ವಸಾಯಿ

ಅಕ್ಕ ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ನನಗೆ ಲೋಕಲ್ ರೈಲೇ ಬಿಡುವು. ಚರ್ಚ್‌ಗೇಟ್‌ನಿಂದ ವಸಾಯಿಗೆ ಬರುವ ಹೊತ್ತಿನಲ್ಲಿ ನಾನು ಯಾರ ಅಮ್ಮನೂ ಅಲ್ಲ, ಯಾರ ಸೊಸೆಯೂ ಅಲ್ಲ, ಯಾವ ಸಾಹೇಬರ ಕೈಕೆಳಗೂ ಇಲ್ಲ. ಸೀಟು ಸಿಕ್ಕ ದಿನ ಬಟಾಣಿ ಬಿಡಿಸುತ್ತೇವೆ. ಸಿಪ್ಪೆ ಒಂದು ಚೀಲಕ್ಕೆ, ಕಾಳು ಇನ್ನೊಂದಕ್ಕೆ. ಪಕ್ಕದವಳು ಗುಜರಾತಿ, ಎದುರಿನವಳು ಮಾಲವಣಿ. ಯಾರ ಮಗಳಿಗೆ ಗಂಡು ನೋಡಿದರು, ಯಾರ ಮನೆಗೆ ನೀರು ಬಂದಿಲ್ಲ, ಎಲ್ಲ ಆಗುತ್ತದೆ. ಬೋರಿವಲಿ ಬಂದರೆ "ಅಯ್ಯೋ ಇಷ್ಟು ಬೇಗ" ಅನಿಸುತ್ತದೆ. ಹೊರಗಿನವರು ಮುಂಬೈ ರೈಲು ನರಕ ಅಂತಾರೆ. ನೂಕಾಟ ಸುಳ್ಳಲ್ಲ, ಪ್ರಾಣ ಹೋಗುವುದೂ ಸುಳ್ಳಲ್ಲ. ಆದರೆ ಮನೆಗೆ ಹೋದ ಮೇಲೆ ನನಗೆ ಈ ಒಂದು ಗಂಟೆ ಸಿಗುವುದಿಲ್ಲ.

ಗಿರಣಗಾಂವ್ ಹುಡುಗ, ಲಾಲ್‌ಬಾಗ್

ನೀವೆಲ್ಲ ಬಿಡುವಿನ ಬಗ್ಗೆ ಇಷ್ಟು ಆಸೆಯಿಂದ ಮಾತಾಡುತ್ತಿರುವುದು ನೋಡಿ ಒಂದು ಸಂಗತಿ ಹೇಳಲೇಬೇಕು ಅನಿಸಿತು. ನಾವು ಭಾನುವಾರ ಅನ್ನುತ್ತೇವಲ್ಲ, ಆ ರಜೆ ಈ ಊರಿನಲ್ಲೇ ಹೋರಾಡಿ ಪಡೆದದ್ದು.

ಮೊದಲು ಬಟ್ಟೆ ಗಿರಣಿಗಳಲ್ಲಿ ಸೂರ್ಯ ಹುಟ್ಟಿದಾಗ ಕೆಲಸ ಶುರು, ಮುಳುಗಿದಾಗ ಮುಗಿಯುವುದು. ವಾರದ ರಜೆ ಅಂತ ಗೊತ್ತುಮಾಡಿದ ದಿನವೇ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಅಂತ ಒಬ್ಬರು, ಜೋತಿಬಾ ಫುಲೆ ಅವರ ಸತ್ಯಶೋಧಕ ಸಮಾಜದವರು, 1884ರಲ್ಲಿ ಕಾರ್ಮಿಕರ ಸಂಘ ಕಟ್ಟಿ ವಾರಕ್ಕೊಂದು ರಜೆ ಕೇಳಿದರು. ಭಾನುವಾರವೇ ಯಾಕೆ? ಅದು ಖಂಡೋಬನ ವಾರ. ನಮ್ಮ ಮೈಲಾರಲಿಂಗನೇ ಇಲ್ಲಿ ಖಂಡೋಬ. 1890ರ ಏಪ್ರಿಲ್‌ನಲ್ಲಿ ಸುಮಾರು ಹತ್ತು ಸಾವಿರ ಜನ ಸೇರಿದ ಸಭೆಯಲ್ಲಿ ಇಬ್ಬರು ಹೆಂಗಸರೂ ನಿಂತು ಮಾತಾಡಿದರು. ಜೂನ್ 10ರಂದು ಮಾಲೀಕರು ಒಪ್ಪಿದರು. ಆಮೇಲೆ ನಮ್ಮ ಸಂವಿಧಾನದ 43ನೇ ವಿಧಿಯಲ್ಲಿ ಕೆಲಸಗಾರರಿಗೆ ಬದುಕಲು ಸಾಲುವಷ್ಟು ಕೂಲಿಯ ಜೊತೆ ಬಿಡುವನ್ನು ಪೂರ್ತಿಯಾಗಿ ಅನುಭವಿಸುವ ಅವಕಾಶವೂ ಸಿಗಬೇಕು ಅಂತ ಬರೆದಿದ್ದಾರೆ. ಅದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಕೂಲಿ ಕೇಳಿದ್ದು ಗೊತ್ತಿತ್ತು. ಬಿಡುವನ್ನೂ ಬರೆದಿಟ್ಟಿದ್ದಾರೆ ಅಂತ ಗೊತ್ತಿರಲಿಲ್ಲ.

ಇನ್ನೊಂದು ಕಡೆಯಿಂದಲೂ ಹೇಳಬೇಕು. ಅಜ್ಜ ವಿಜಾಪುರದಿಂದ ಬಂದು ಗಿರಣಿ ಸೇರಿದರು. ಅಪ್ಪನೂ ಅಲ್ಲೇ. 1982ರ ಜನವರಿ 18ಕ್ಕೆ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ ಹೊರಗೆ ಬಂದರು. ಎಷ್ಟೋ ಜನರಿಗೆ ಆ ಕೆಲಸ ಮತ್ತೆ ಸಿಗಲಿಲ್ಲ. ಅಪ್ಪನಿಗೂ ಸಿಗಲಿಲ್ಲ.

ಆಗ ನನಗೆ ಒಂಬತ್ತು ವರ್ಷ. ಅಪ್ಪನ ಹತ್ತಿರ ದಿನದ ಇಪ್ಪತ್ನಾಲ್ಕು ಗಂಟೆಯೂ ಬಿಡುವು. ಆದರೂ ಬೆಳಗ್ಗೆ ಗಿರಣಿ ಭೋಂಗಾ, ಅಂದರೆ ಸೈರನ್, ಕೂಗುತ್ತಿದ್ದ ಹೊತ್ತಿಗೇ ಎದ್ದು, ಗಡ್ಡ ಕೆರೆದು, ಅಂಗಿ ಇಸ್ತ್ರಿ ಮಾಡಿಕೊಂಡು ಚಾಳಿನ ಗ್ಯಾಲರಿಯಲ್ಲಿ ಬಂದು ಕೂರುತ್ತಿದ್ದರು. ಎಲ್ಲೂ ಹೋಗುತ್ತಿರಲಿಲ್ಲ. ಯಾರ ಜೊತೆಯೂ ಮಾತಿಲ್ಲ. ನಾವು ಅವರ ಮುಂದೆ ಆಡುವುದಕ್ಕೂ ಹೆದರುತ್ತಿದ್ದೆವು. ಕೆಲಸ ಕಿತ್ತುಕೊಂಡು ಕೊಟ್ಟ ಹೊತ್ತನ್ನು ಬಿಡುವು ಅಂತ ಕರೆಯಬೇಡಿ, ದಯವಿಟ್ಟು.

ಒಂದು ದಿನ ಪಕ್ಕದ ಖೋಲಿಯ ಆಜಿಯ ಪಂಪ್ ಸ್ಟವ್ ಹೊತ್ತಲಿಲ್ಲ. ಅಪ್ಪ ಪಿನ್ನು ಹಾಕಿ ತೂತು ಬಿಡಿಸಿ, ವಾಷರ್‌ಗೆ ಎಣ್ಣೆ ಹಚ್ಚಿ, ನಾಲ್ಕು ಸಲ ಪಂಪ್ ಹೊಡೆದರು. ನೀಲಿ ಉರಿ ಬಂತು. ಆಜಿ ಅವರ ತಲೆ ಮೇಲೆ ಕೈಯಿಟ್ಟಳು. ಮರುದಿನ ಇನ್ನೊಂದು ಸ್ಟವ್ ಬಂತು. ತಿಂಗಳಲ್ಲಿ ಗ್ಯಾಲರಿ ತುಂಬಾ ಸ್ಟವ್. ದುಡ್ಡು ತಗೊಳ್ಳುತ್ತಿರಲಿಲ್ಲ. ಮನೆ ನಡೆದದ್ದು ಅಮ್ಮನ ಹೊಲಿಗೆಯಿಂದ, ಅದು ಬೇರೆ ಮಾತು. ಆದರೆ ಅಪ್ಪ ಮತ್ತೆ ಮಾತಾಡುವುದಕ್ಕೆ ಶುರು ಮಾಡಿದರು. ಸ್ಟವ್ ಪಂಪಿನ ಸದ್ದು ಎಲ್ಲಾದರೂ ಕೇಳಿದರೆ ನಾನು ಇವತ್ತಿಗೂ ನಿಂತುಬಿಡುತ್ತೇನೆ.

ಸಾಕಿನಾಕಾ ಅಂಗಡಿ

ದಾದಾ, ಓದಿ ಸುಮ್ಮನಾದೆ. ನನ್ನ ಅಂಗಡಿಯಲ್ಲಿ ಎರಡು ಹುಡುಗರಿದ್ದಾರೆ. ಅವರಿಗೆ ವಾರದ ರಜೆ ಕೊಡುತ್ತೇನೆ, ಆದರೆ ಸೀಸನ್‌ನಲ್ಲಿ ಬಾ ಅಂತೀನಿ. ಬಂದೇ ಬರುತ್ತಾರೆ, ಪಾಪ. ಇನ್ನು ಮೇಲೆ ಹಾಗೆ ಮಾಡುವುದಿಲ್ಲ. ನಾನೇ ನಿಂತುಕೊಳ್ಳುತ್ತೇನೆ.

ನೆರೂಳ್ 27

ಎಲ್ಲರೂ ಹಿರಿಯರು, ನಾನೊಬ್ಬ ಸಣ್ಣವನು. ಪ್ರಶ್ನೆ ಕೇಳಬಹುದಾ? ನಾನು ಬಿಡುವು ಹಾಳಾಗಬಾರದು ಅಂತ ಎಲ್ಲ ಹೊಂದಿಸಿಟ್ಟಿದ್ದೆ. ಶನಿವಾರ ಏಳಕ್ಕೆ ಓಟ, ಹತ್ತಕ್ಕೆ ಗಿಟಾರ್ ಕ್ಲಾಸ್, ನಾಲ್ಕಕ್ಕೆ ಗೆಳೆಯರು, ಆರಕ್ಕೆ ಪುಸ್ತಕ. ಫೋನ್ ಗಂಟೆ ಹೊಡೆದು ನೆನಪಿಸುತ್ತದೆ. ನಾಲ್ಕು ತಿಂಗಳಲ್ಲಿ ಗಿಟಾರ್ ಮುಟ್ಟಲೇ ಮನಸ್ಸಿಲ್ಲದ ಹಾಗಾಗಿದೆ. ನಾನು ಇಷ್ಟಪಟ್ಟು ಶುರು ಮಾಡಿದ್ದು ಅದು. ಎಲ್ಲಿ ತಪ್ಪಿದೆ?

ಕಲೀನಾದ ಓದುಗಿ

ಇದರ ಮೇಲೂ ಕೆಲಸ ಆಗಿದೆ. 2016ರಲ್ಲಿ ಬಂದದ್ದು. ಖುಷಿಯ ವಿಷಯಕ್ಕೆ ಇಷ್ಟೇ ಗಂಟೆ, ಇಷ್ಟೇ ನಿಮಿಷ ಅಂತ ಗೊತ್ತುಮಾಡಿದರೆ ಅದು ಕೆಲಸದ ಹಾಗೆ ಅನಿಸತೊಡಗುತ್ತದೆ, ಖುಷಿ ಕಡಿಮೆಯಾಗುತ್ತದೆ. ಅದನ್ನೇ "ಮಧ್ಯಾಹ್ನ ಯಾವಾಗಾದರೂ" ಅಂತ ಸಡಿಲ ಬಿಟ್ಟರೆ ಆ ತೊಂದರೆ ಇಲ್ಲ. ಗಂಟೆ ಹೊಡೆಯುವುದನ್ನು ನಿಲ್ಲಿಸಿ ನೋಡಿ.

ಶ್ರುತಿಪೆಟ್ಟಿಗೆ, ಮೀರಾ ರೋಡ್

ಹೌದಪ್ಪಾ. ನಮ್ಮ ತಾಳಮದ್ದಳೆಯೂ ಐದಕ್ಕೆ ಅಂತ ಹೇಳುವುದು. ಆದರೆ ಎಲ್ಲರೂ ಬಂದು, ಚಹಾ ಕುಡಿದು, ಊರಿನ ಸುದ್ದಿ ಆಡಿದ ಮೇಲೆಯೇ ಗಣಪತಿ ಸ್ತುತಿ. ಆ ಸುದ್ದಿ ಆಡುವ ಹೊತ್ತನ್ನು ತೆಗೆದರೆ ಅರ್ಧ ಜನ ಬರುವುದಿಲ್ಲ.

ಲೋಕಲ್ ಪಯಣಿಗ, ಡೊಂಬಿವಲಿ

ಮೂರು ವಾರವಾಯಿತು. ಏನಾಯಿತು ಅಂತ ಹೇಳಬೇಕು.

ಅವಲಕ್ಕಿ ಅಕ್ಕ ಬರೆದದ್ದು ಓದಿದ ರಾತ್ರಿ ಹೆಂಡತಿಗೆ ಕೇಳಿದೆ, ನಾನು ಮನೆಯಲ್ಲಿರುವ ದಿನ ನಿನಗೆ ಏನು ವ್ಯತ್ಯಾಸ ಅಂತ. ಮೊದಲು ಏನಿಲ್ಲ ಅಂದಳು. ಮತ್ತೆ ಕೇಳಿದೆ. ಮಂಗಳವಾರ, ಗುರುವಾರ ಮಧ್ಯಾಹ್ನ ರೇಡಿಯೋ ಹಾಕಿಕೊಂಡು ಅರ್ಧ ಗಂಟೆ ಮಲಗುತ್ತಿದ್ದಳಂತೆ. ನಾನು ಹಾಲ್‌ನಲ್ಲಿ ಮೀಟಿಂಗ್ ಮಾಡುತ್ತೇನೆ ಅಂತ ರೇಡಿಯೋ ನಿಂತಿತು. ಕುಕ್ಕರ್ ಸೀಟಿ ಕೇಳಬಾರದು ಅಂತ ಬೇಳೆಯನ್ನು ಬೆಳಗ್ಗೆ ಆರಕ್ಕೇ ಬೇಯಿಸಿಡುತ್ತಾಳೆ. ಐದು ತಿಂಗಳಿಂದ ನಡೆದಿದೆ. ನನಗೆ ಗೊತ್ತೇ ಇರಲಿಲ್ಲ. ಹೇಳುವಾಗ ಅವಳ ದನಿಯಲ್ಲಿ ದೂರೂ ಇರಲಿಲ್ಲ. ಅದು ನನ್ನನ್ನು ಇನ್ನೂ ಜಾಸ್ತಿ ಕುಟುಕಿತು.

ಈಗ ಲ್ಯಾಪ್‌ಟಾಪ್ ಒಳಗಿನ ರೂಮಿಗೆ ಹೋಗಿದೆ. ಆ ಎರಡು ದಿನ ಸಂಜೆ ಅಡುಗೆ ನನ್ನದು. ಮೊದಲ ದಿನ ಸಾರು ಉಪ್ಪಾಯಿತು, ಚಪಾತಿ ದಪ್ಪವಾಯಿತು. ಮಗ ಪಕ್ಕದಲ್ಲಿ ನಿಂತು ಈರುಳ್ಳಿ ಸುಲಿದ. ಅಕ್ಕಿ ಡಬ್ಬ, ಬೇಳೆ ಡಬ್ಬಗಳಿಗೆ ಚೀಟಿ ಅಂಟಿಸಿ ಕನ್ನಡದಲ್ಲಿ ಹೆಸರು ಬರೆಯೋಣ ಅಂದೆ. "ಅಕ್ಕಿ" ಬರೆಯುವಾಗ ಕ ಒತ್ತು ಎಲ್ಲಿ ಬರುತ್ತದೆ ಅಂತ ಕೇಳಿದ. ತೋರಿಸಿದೆ. "ಬೆಲ್ಲ"ಕ್ಕೆ ಬಂದಾಗ ಲ ಒತ್ತನ್ನು ಅವನೇ ಹಾಕಿದ. ಏಳೂವರೆ ಆದದ್ದೇ ಗೊತ್ತಾಗಲಿಲ್ಲ, ಫೋನ್ ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ.

ಅವಳು ಮೊದಲ ದಿನ ಎರಡು ಸಲ ಅಡುಗೆಮನೆಗೆ ಬಂದು ನೋಡಿ ಹೋದಳು. ಎರಡನೇ ವಾರ ಬರಲಿಲ್ಲ. ಸೊಸೈಟಿಯ ಕೆಳಗಿನ ಕಲ್ಲುಬೆಂಚಿನಲ್ಲಿ ಕೂತಿದ್ದಳಂತೆ. ಏನು ಮಾಡಿದೆ ಅಂತ ಕೇಳುವುದಕ್ಕೆ ಬಾಯಿ ತೆರೆದೆ. ಅಕ್ಕನ ಮಾತು ನೆನಪಾಯಿತು. ಕೇಳಲಿಲ್ಲ.

ಶ್ರುತಿಪೆಟ್ಟಿಗೆ ಮಾವ, ಈ ಶನಿವಾರ ನಿಮ್ಮ ತಾಳಮದ್ದಳೆಗೆ ಮೂವರು ಬರಬಹುದಾ? ಸುದ್ದಿ ಆಡುವ ಹೊತ್ತಿಗೇ ಬರುತ್ತೇವೆ.

ಶ್ರುತಿಪೆಟ್ಟಿಗೆ, ಮೀರಾ ರೋಡ್

ಖಂಡಿತ ಬನ್ನಿ. ನಾಲ್ಕೂವರೆಗೆ ಚಹಾ. ಈ ವಾರ ಕರ್ಣಪರ್ವ. ಮಗನನ್ನು ನನ್ನ ಪಕ್ಕ ಕೂರಿಸಿ, ಪೆಟ್ಟಿಗೆ ಅವನ ಕೈಗೆ ಕೊಡುತ್ತೇನೆ.